ರಾಕೆಟ್ಟಿಗೆ ಅಂಟಿಸಿದ ಹಂಸದಂಚು

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಪಿಯುಸಿ ಓದುವಾಗ ಕೊಳ್ಳೇಗಾಲದ ಒಂದು ರೇಷ್ಮೆ ಅಂಗಡಿಯಲ್ಲಿ ಬಂದ ಸಿಟ್ಟು ಈಗಲೂ ಹಾಗೇ ಇದೆ. ಅಪ್ಪ ನೇಯ್ದ ಸೀರೆ ಕೊಡಲು ಹೋಗಿದ್ದೆವು. ಅಲ್ಲಿದ್ದ ಗಿರಾಕಿಯೊಬ್ಬರು ಅಂಚಿನ ಹಂಸಗಳನ್ನು ಮುಟ್ಟಿ ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. 'ನಮ್ಮದೇ ಡಿಸೈನು' ಎಂದರು ಅಂಗಡಿಯವರು, ಒಂದಿಷ್ಟೂ ಅಳುಕಿಲ್ಲದೆ. ಆ ಹಂಸಗಳನ್ನು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆದ ನನ್ನಪ್ಪ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದ.

ಈಗ ನಾನು ಯಳಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವರ್ಷ ನಮ್ಮ ಒಂಬತ್ತನೇ ತರಗತಿಯ ಹುಡುಗಿಯರು ರಟ್ಟಿನ ಕೊಳವೆಯಲ್ಲಿ ಮೊಳದುದ್ದದ ರಾಕೆಟ್ ಮಾಡಿದರು. ಅದನ್ನು ಹಾರಿಸಲು ಮೈಸೂರಿನಿಂದ ವಿಜ್ಞಾನದ ಗುಂಪೊಂದು ಬರುವುದಿತ್ತು. ಬಿಳಿ ಬಣ್ಣ ಹೊಡೆದ ರಾಕೆಟ್ಟು ಬೋಳಾಗಿ ಕಾಣುತ್ತಿತ್ತು. ಅದರ ಸುತ್ತ ಅಪ್ಪನ ಹಂಸದಂಚು ಬರಲಿ, ಕೆಳಗೆ ಅಪ್ಪನ ಹೆಸರು ಎಲ್ಲರಿಗೂ ಕಾಣುವಂತೆ ಇರಲಿ ಎಂದು ನಾನೇ ತೀರ್ಮಾನಿಸಿದೆ. ಒಂದು ಸಲವಾದರೂ ಆ ಅಂಚಿನ ಪಕ್ಕ ಆ ಹೆಸರು ಇರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹೆಡ್‌ಮೇಷ್ಟ್ರು ಅದನ್ನು ಸ್ಟಿಕ್ಕರ್ ಎನ್ನುತ್ತಿದ್ದರು. ಸ್ಟಿಕ್ಕರ್ ಆಗಿದ್ದರೆ ನನಗೇನು ಕಷ್ಟ? ಇದು ಡೆಕಾಲ್. ಅದರ ಕಾಗದವೇ ಬೇರೆ, ಮೇಲೊಂದು ಕಣ್ಣಿಗೆ ಕಾಣದಷ್ಟು ತೆಳು ಪೊರೆ ಇರುತ್ತದೆ. ಮನೆಯ ಪ್ರಿಂಟರಿನಲ್ಲಿ ಅದರ ಮೇಲೆ ಚಿತ್ರ ತೆಗೆದು, ಒಣಗಿಸಿ, ಮೂರು ಸಲ ವಾರ್ನಿಷ್ ಹೊಡೆಯಬೇಕು. ಆಮೇಲೆ ಕತ್ತರಿಸಿ ನೀರಲ್ಲಿ ಅದ್ದಿದರೆ ಪೊರೆ ಚಿತ್ರದ ಸಮೇತ ಕಾಗದದಿಂದ ಜಾರುತ್ತದೆ. ಅದನ್ನು ಹಾಗೇ ರಾಕೆಟ್ಟಿನ ಮೈಮೇಲೆ ಜಾರಿಸಿ ಕೂರಿಸಬೇಕು. ಆನ್‌ಲೈನಿನಲ್ಲಿ ತರಿಸಿದ ಎರಡು ಹಾಳೆಯಲ್ಲಿ ಒಂದನ್ನು ನನ್ನ ಆತುರ ತಿಂದುಹಾಕಿತು. ಒಂದೇ ಸಲ ವಾರ್ನಿಷ್ ಹೊಡೆದು ನೀರಿಗೆ ಹಾಕಿದ್ದೆ, ಹಂಸಗಳೆಲ್ಲ ಕರಗಿ ಬಣ್ಣದ ನೀರಾದವು. ಪ್ರಿಂಟರನ್ನೂ ಕಂಪನಿಯವರನ್ನೂ ಬಾಯಿಗೆ ಬಂದಂತೆ ಬೈದೆ. ತಪ್ಪು ನನ್ನದೇ ಆಗಿತ್ತು.

ಎರಡನೇ ಹಾಳೆಯನ್ನು ಮಗುವಿನಂತೆ ನೋಡಿಕೊಂಡೆ. ರಾಕೆಟ್ ಹಾರಿಸುವ ದಿನ ಬೆಳಿಗ್ಗೆ ಕತ್ತರಿಸಲು ಕೂತೆ. ಅಪ್ಪ ಮಗ್ಗದಿಂದೆದ್ದು ಬಂದು ಇಣುಕಿದ. ಅಲ್ಲಿಯವರೆಗೆ ಅವನಿಗೆ ನಾನು ಏನೂ ಹೇಳಿರಲಿಲ್ಲ. ಅವನ ಗ್ರಾಫ್ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಸ್ಕ್ಯಾನ್ ಮಾಡಿ, ಸದ್ದಿಲ್ಲದೆ ವಾಪಸ್ ಇಟ್ಟಿದ್ದೆ.

"ಇದು ನನ್ ಅಂಸ ಅಲ್ವಾ," ಅಂದ. ಸ್ವಲ್ಪ ಹೊತ್ತು ನೋಡಿ, "ಜರಿ ಬಣ್ಣ ಬಂದಿಲ್ಲ ಕಣವ್ವ, ಅರಿಶಿನ ಆಗ್ಬುಟ್ಟದೆ. ತತ್ತಾ ಇಲ್ಲಿ, ನಾ ಕತ್ತರಿಸ್ತೀನಿ. ನೀ ಓಗಿ ರೆಡಿಯಾಗು."

ಕೊಟ್ಟೆ. ಅವನಷ್ಟು ನೇರವಾಗಿ ಕತ್ತರಿಸುವವರು ನಮ್ಮ ಬೀದಿಯಲ್ಲೇ ಇಲ್ಲ.

ನಮ್ಮ ಬೀದಿಯಲ್ಲಿ ಒಂದು ವಾಡಿಕೆ ಇದೆ. ಒಬ್ಬರ ಸೀರೆ ಇನ್ನೊಬ್ಬರದರ ಜೊತೆ ಬೆರೆಯದಿರಲಿ ಎಂದು ನೇಯುವವರು ತುದಿಯಲ್ಲಿ ಬೇರೆ ಬಣ್ಣದ ಎರಡೆಳೆ ಹಾಕಿ ಗುರುತು ಮಾಡಿಕೊಳ್ಳುತ್ತಾರೆ. ಅಂಗಡಿಗೆ ಕೊಡುವ ಮುಂಚೆ ಆ ಗುರುತನ್ನು ಕತ್ತರಿಸಿ ತೆಗೆದುಬಿಡಬೇಕು, ಇಲ್ಲದಿದ್ದರೆ ಅಂಗಡಿಯವರು ಸೀರೆಯನ್ನು ಮುಟ್ಟುವುದಿಲ್ಲ. ಅಪ್ಪ ಹುಡುಗನಾಗಿದ್ದಾಗಿನಿಂದ ಮಾಡಿದ್ದು ಇದನ್ನೇ. ನಾನು ಸೀರೆ ಉಟ್ಟು ಬರುವಷ್ಟರಲ್ಲಿ ನೂಲು ಹಿಡಿದಂತೆ ನೇರವಾಗಿ ಕತ್ತರಿಸಿದ ಹಂಸದಂಚು ತಟ್ಟೆಯಲ್ಲಿತ್ತು. ಅದರ ಕೆಳಗಿನ ಹೆಸರಿರಲಿಲ್ಲ.

ಹೆಸರಿನ ಪಟ್ಟಿಯನ್ನು ಅವನು ಪಕ್ಕದ ಬಕೆಟ್ಟಿಗೆ ಎಸೆದಿದ್ದ. ಬಕೆಟ್ಟಿನಲ್ಲಿ ನೀರಿತ್ತು. ಪೊರೆ ಕಾಗದ ಬಿಟ್ಟು ಸುರುಳಿ ಸುತ್ತಿ, ತನ್ನ ಮೇಲೆ ತಾನೇ ಅಂಟಿಕೊಂಡಿತ್ತು. ಹಾಗೆ ಅಂಟಿದ ಮೇಲೆ ದೇವರು ಬಂದರೂ ಬಿಡಿಸಲಾಗುವುದಿಲ್ಲ.

"ಅದ್ರಲ್ ಏನ್ ಬರ್ದಿತ್ತು ಅಂತ ನೋಡ್ದಾ ನೀನು?" ಎಂದು ಕೂಗಿದೆ. "ನಿನ್ ಎಸ್ರಿತ್ತು."

"ಎಸ್ರಿದ್ರೆ ತಕ್ಕಳಲ್ಲ ಕಣವ್ವ," ಅಂದ ಅಪ್ಪ.

"ಯಾರು ತಕ್ಕಳಲ್ಲ? ಇದೇನ್ ಅಂಗಡಿಗೆ ಓಯ್ತದಾ?"

ಅವನು ಕತ್ತರಿ ಕೆಳಗಿಟ್ಟ. ಮಾಡಿದ್ದೇನೆಂದು ಅವನಿಗೆ ಆಗಲೇ ಹೊಳೆದಂತಿತ್ತು. ನಾನು ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯವರನ್ನು ಬೈದೆ, ಅವರ ಮುಂದೆ ಬಾಯಿ ಬಿಡದ ಇವನನ್ನೂ ಬೈದೆ. ಹೆಸರಿಲ್ಲದ ಅಂಚನ್ನೇ ರಾಕೆಟ್ಟಿಗೆ ಕೂರಿಸಿ, ಹೊರಡು, ಇವತ್ತು ನೀನೂ ಬರಬೇಕು ಎಂದು ಹಟ ಹಿಡಿದು ಬಸ್ ಹತ್ತಿಸಿದೆ.

ಅಗರದ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಜನ ಸೇರಿದ್ದರು. ಹನೂರಿನಿಂದಲೂ ಒಂದು ಶಾಲೆಯ ಮಕ್ಕಳು ಬಂದಿದ್ದರು. ರಾಕೆಟ್ಟನ್ನು ಹಾರಿಸುವ ಕಂಬಿಗೆ ಏರಿಸುವ ಮೊದಲು ಅತಿಥಿಯಾಗಿ ಬಂದಿದ್ದ ಅಧಿಕಾರಿಯೊಬ್ಬರು ಅದನ್ನು ಕೈಗೆತ್ತಿಕೊಂಡು, "ಬಾರ್ಡರ್ ಬಹಳ ಚೆನ್ನಾಗಿದೆಯಲ್ಲ, ಯಾರು ಮಾಡಿದ್ದು?" ಎಂದರು.

"ಎಲ್ಲಾ ನಮ್ಮ ಸ್ಕೂಲಿಂದೇ ಸಾ," ಎಂದರು ಹೆಡ್‌ಮೇಷ್ಟ್ರು.

ನಾನು ಅಪ್ಪನ ಕಡೆ ನೋಡಿದೆ. ಜನರ ಹಿಂದೆ ಅವನು ಕೈಕಟ್ಟಿ ನಿಂತಿದ್ದ, ಅಂಗಡಿಯಲ್ಲಿ ನಿಂತ ಹಾಗೆಯೇ. ನನ್ನ ಮೈಯೆಲ್ಲ ಉರಿದುಹೋಯಿತು. "ಸ್ಕೂಲಿಂದಲ್ಲ ಸರ್," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಅದು ನಮ್ಮಪ್ಪ ಬರೆದದ್ದು. ಅಲ್ಲಿ ನಿಂತಿದ್ದಾರಲ್ಲ, ಅವರು. ಅವರ ಡಿಸೈನು ಇಟ್ಟುಕೊಂಡು ವ್ಯಾಪಾರ ಮಾಡಿದವರೆಲ್ಲ ಉದ್ಧಾರವಾದರು, ಇವರ ಹೆಸರು ಮಾತ್ರ ಒಬ್ಬರೂ ಹೇಳಲಿಲ್ಲ."

ಗದ್ದೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ತಲೆ ತಗ್ಗಿಸಿ ಕಾಲಿನ ಕೆಳಗಿನ ಕೂಳೆ ನೋಡತೊಡಗಿದ. ಅಧಿಕಾರಿ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಆಮೇಲೆ ರಾಕೆಟ್ಟು ಸುಯ್ಯೆಂದು ಮೇಲೆ ಹೋಯಿತು. ಹುಡುಗಿಯರು ಕುಣಿದರು. ನಾನು ಗೆದ್ದೆ ಎಂದುಕೊಂಡೆ.

ವಾಪಸ್ ಬರುವ ಬಸ್ಸಿನಲ್ಲಿ ನಾನೇ ಅಪ್ಪನನ್ನು ಕೆಣಕಿದೆ, "ಅಷ್ಟು ಜನ ಚಪ್ಪಾಳೆ ತಟ್ಟುದ್ರು, ನಿಂಗೆ ಸಂತೋಸಾನೇ ಇಲ್ವಾ?"

"ನಾಕ್ ಜನದ್ ಮುಂದೆ ತಲೆ ಎತ್ತಕಾಗ್ದಂಗ್ ಮಾಡ್ದೆ," ಅಂದ. ಅವನ ದನಿಯಲ್ಲಿ ಸಿಟ್ಟಿತ್ತು. ಅದಕ್ಕೆ ಮುಂಚೆ ನನ್ನ ಮೇಲೆ ಅವನು ಸಿಟ್ಟಾದದ್ದು ನನಗೆ ನೆನಪೇ ಇಲ್ಲ. "ನಾಳೆ ಆ ಅಂಗ್ಡಿಗೇ ಸೀರೆ ತಕಂಡ್ ಓಗ್ಬೇಕಾದೋನು ನಾನು."

"ಅವ್ರು ಮಾಡಿದ್ದು ಸರೀನಾ ಅಂಗಾರೆ?"

"ಸರಿ ಅಂತ ಯಾರಂದ್ರು? ನನ್ ಅಂಸ ತಕ್ಕಳಾವಾಗ ಅವ್ರು ಒಂದ್ ಮಾತು ಕೇಳ್ನಿಲ್ಲ. ನೀನಾರ ಕೇಳ್ಬೋದಿತ್ತಲ್ಲವ್ವ."

ಪೆಟ್ಟಿಗೆ ತೆಗೆದಾಗ ನಾನು ಕೇಳಿರಲಿಲ್ಲ, ಹೆಸರು ಹಾಕುವಾಗಲೂ ಕೇಳಿರಲಿಲ್ಲ. ಅಪ್ಪ ಕಿಟಕಿಯ ಕಡೆ ತಿರುಗಿ ಕೂತ.