ಹಾಲಿನ ಲೋಟ ತೊಳೆದ ಸೈನಿಕ

ಮೋರಖಂಡಿಯಲ್ಲಿ ಅಂಗನವಾಡಿ ಟೀಚರ್ ಮುಕ್ತಾಬಾಯಿಗೆ ಹೆದರದವರೆಂದರೆ ಮಕ್ಕಳು ಮಾತ್ರ. ದೊಡ್ಡವರೆಲ್ಲ ಆಕೆಯ ನಾಲಿಗೆಗೆ ಅಂಜುತ್ತಿದ್ದರು. ಆ ನಾಲಿಗೆ ಮೊದಲು ಅಷ್ಟು ಹರಿತವಾಗಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಗಂಡ ಮಚ್ಚೇಂದ್ರ ಗಡಿಯಿಂದ ರಜೆಗೆ ಬಂದಾಗ ಪುಟ್ಟ ಮಗ ಸಂಘಪಾಲ ಅವನನ್ನು ಚಿಕ್ಕಪ್ಪನೆಂಬಂತೆ 'ಕಾಕಾ' ಎಂದಿದ್ದ. ಮಂದಿ ನಕ್ಕರು. 'ಅಪ್ಪ' ಎನ್ನುವವರೆಗೂ ಹಿರಿಯರು ಹುಡುಗನನ್ನು ಹೊಡೆದರು. ಮುಕ್ತಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನಿದ್ದಳು. ಮಚ್ಚೇಂದ್ರ ನಿವೃತ್ತನಾಗಿ ಮನೆ ಸೇರಿ ಎಷ್ಟೋ ವರ್ಷವಾಯಿತು, ಮಗ ಪುಣೆಯಲ್ಲಿದ್ದಾನೆ. ಅಪ್ಪ ಮಗ ಇವತ್ತಿಗೂ ಮಾತಾಡುವುದು ಅವಳ ಮೂಲಕವೇ. ಅಂದು ಸುಮ್ಮನಿದ್ದದ್ದಕ್ಕೆ ಅವಳು ತನ್ನನ್ನು ಕ್ಷಮಿಸಿಕೊಂಡಿಲ್ಲ.

ಈಗ ಪಕ್ಕದ ಮನೆಯ ಸ್ವಪ್ನಿಲ ಹದಿನಾಲ್ಕು ತಿಂಗಳು ಹಿಮದ ಗಡಿಯಲ್ಲಿದ್ದು ಮೂವತ್ತು ದಿನದ ರಜೆಗೆ ಬಂದ. ಕಿರಾಣಿ ಅಂಗಡಿಯ ಗುರುನಾಥ ಸಾವಕಾರರು ಹುಮನಾಬಾದ್ ಸ್ಟೇಷನ್ನಿಗೇ ಜೀಪು ಕಳಿಸಿದ್ದರು. ಯೂನಿಫಾರ್ಮಿನಲ್ಲೇ ಬರಬೇಕೆಂದು ತಾಕೀತು ಬೇರೆ. ಹಲಗೆಯ ಬಡಿತ, ಪಟಾಕಿ, ಮಾಲೆ. ಬಾಗಿಲಲ್ಲಿ ಹೆಂಡತಿ ವಿಶಾಖಾ, ಅವಳ ಕಂಕುಳಲ್ಲಿ ಮೂರು ತುಂಬದ ಮಗಳು ಆಮ್ರಪಾಲಿ. ಸ್ವಪ್ನಿಲ ಕೈ ಚಾಚಿದ. ಕೂಸು ಕಿಟಾರನೆ ಕಿರುಚಿ, ಕೆಳಗೆ ಜಾರಿ, ಒಳಗೋಡಿ ಜೋಳದ ಚೀಲದ ಹಿಂದೆ ಅಡಗಿತು. ಅಂಜಿಕೆಗೆ ಉಚ್ಚೆ ಹೊಯ್ದುಕೊಂಡಿತ್ತು.

ಕಾರಣ ಮುಕ್ತಾಬಾಯಿಗೆ ಕೂಡಲೇ ಹೊಳೆಯಿತು. ಸ್ವಪ್ನಿಲನ ತಾಯಿ ಕೇಶರಬಾಯಿ ದಿನವೂ ಮೊಮ್ಮಗಳಿಗೆ ತುತ್ತಿಡುತ್ತಿದ್ದದ್ದೇ ಹಾಗೆ: "ಉಣ್ಣು, ಇಲ್ಲಾಂದ್ರ ಮಿಲ್ಟ್ರಿ ಬರ್ತದ, ಒಯ್ತದ!" ನಿಜಾಮನ ರಾಜ್ಯ ಮುಗಿದ ವರ್ಷ ಊರೂರಿಗೆ ಫೌಜು ಬಂದ ಕಾಲದ ಬೆದರಿಕೆಯಂತೆ ಅದು. ಅಜ್ಜಿಯಿಂದ ಅಜ್ಜಿಗೆ ಇಳಿದು ಅನ್ನ ಉಣಿಸುವ ಮಾತಾಗಿತ್ತು. ಹೆತ್ತ ಮಗನನ್ನೇ ಮಿಲಿಟರಿಗೆ ಕಳಿಸಿದ ಮೇಲೂ ಆ ಪುಣ್ಯಾತ್ಗಿತ್ತಿ ಅದನ್ನು ಬಿಟ್ಟಿರಲಿಲ್ಲ.

ಐದು ದಿನ ಕಳೆದವು. ಅಪ್ಪ ಒಳಗೆ ಬಂದರೆ ಮಗಳು ಹೊರಗೆ. ವಿಶಾಖಾ ತನ್ನದೇ ತಪ್ಪೆಂದು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಕಟ್ಟೆಯ ಮೇಲೆ ಕೂತ ಸ್ವಪ್ನಿಲ ಮುಕ್ತಾಬಾಯಿಗೆ ಹೇಳಿದ:

"ಮೌಶಿ, ನಾ ಜಲ್ದಿ ವಾಪಸ್ ಹೋಗ್ತೀನ್ರಿ. ಕೂಸು ನನ್ನ ನೋಡಿ ನಡಗಾಕತ್ತದ. ಅಲ್ಲಿದ್ರ ಫೋನಿನಾಗರೆ ನಗ್ತದ."

ಮುಕ್ತಾಬಾಯಿ ಕಟ್ಟೆಯ ಮುಂದೆ ಬಂದು ನಿಂತಳು.

"ಈಗ ಓಡಿ ಹೋದ್ರ ಜನ್ಮಪೂರ್ತಿ ಫೋನಿನಾಗೇ ಉಳಿತಿ. ನಮ್ಮ ಮನಿ ನೋಡಿಲ್ಲೇನು? ಕೂಸು ದಿನಾ ಬರೋ ಅಂಗನವಾಡಿಗಿ ನಾಳಿಂದ ನೀನೂ ಬಾ. ಸಾದಾ ಅಂಗಿ ಹಾಕ್ಕೊಂಡು ಬಾ. ಆಕಿನ್ನ ಕರೀಬ್ಯಾಡ, ಮುಟ್ಟಬ್ಯಾಡ. ಮೊಟ್ಟಿ ದಿನ ಮೊಟ್ಟಿ ಸುಲಿ, ಉಳದ ದಿನ ಹಾಲಿನ ಲೋಟ ತೊಳಿ." ವಿಶಾಖಾಳ ಕಡೆ ತಿರುಗಿ ಗದರಿದಳು: "ನಿಂದೇನೂ ತಪ್ಪಿಲ್ಲ. ಮುಖ ತೊಕ್ಕೊ."

ಅಂದೇ ಮನೆಮನೆಗೂ ಹೋಗಿ, ಮಿಲಿಟರಿ ಹೆಸರಲ್ಲಿ ಮಕ್ಕಳನ್ನು ಹೆದರಿಸಿದವರಿಗೆ ತಾನೇನು ಮಾಡುವೆನೆಂದು ಸವಿಸ್ತಾರವಾಗಿ ಹೇಳಿ ಬಂದಳು. ಕೇಶರಬಾಯಿ ಎರಡು ದಿನ ಮುನಿಸಿಕೊಂಡಳು. ಮುನಿಸಿಕೊಳ್ಳಲಿ.

ಸ್ವಪ್ನಿಲ ಲೋಟ ತೊಳೆಯತೊಡಗಿದ್ದು ಊರಿಗೆಲ್ಲ ಸುದ್ದಿಯಾಯಿತು. ಎಂಟನೇ ದಿನ ಗುರುನಾಥ ಸಾವಕಾರರೇ ಬಂದು ಬಾಗಿಲಲ್ಲಿ ನಿಂತರು.

"ಮುಕ್ತಾಬಾಯಿ, ಫೌಜಿ ಮನಷ್ಯಾನ ಕೈಲೆ ಲೋಟ ತೊಳಸಾಕತ್ತಿಯಲ್ಲ, ಊರಿನ ಇಜ್ಜತ್ ಏನಾಗಬೇಕು? ಆಯ್ತವಾರ ಬಸವಕಲ್ಯಾಣದಾಗ ಸನ್ಮಾನ ಇಟ್ಟೀವಿ. ಯೂನಿಫಾರ್ಮ್ ಹಾಕ್ಲಿ, ಕೂಸಿಗಿ ಎತ್ಕೊಂಡು ಸ್ಟೇಜಿನ ಮ್ಯಾಲ ನಿಲ್ಲಲಿ. ಎರಡು ಮಿನಿಟ್ ಅತ್ತರ ಅಳ್ತದ, ಫೋಟೋ ಆಗ್ತದ."

ಸಾವಕಾರರ ಮುಂದೆ ಅವಳ ಕೇರಿಯವರು ದನಿ ಎತ್ತುವುದು ಅಪರೂಪ. ಮುಕ್ತಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ನಿಮಗ ಫೋಟೋ ಬೇಕಾಗ್ಯಾದ್ರಿ ಸಾವಕಾರ್ರ. ಈ ಕೂಸಿಗಿ ಅಪ್ಪ ಬೇಕಾಗ್ಯಾನ. ಬಿಲ್ಕುಲ್ ಕಳಸಂಗಿಲ್ಲ."

"ಅಂಗನವಾಡ್ಯಾಗ ಗಂಡಸಿಗಿ ಕೂಡಸ್ಕೊಂಡಿ ಅಂತ ಆಫೀಸಿಗಿ ಬರೀತೀನಿ!"

"ಬರೀರಿ. ಅಪ್ಪ ತನ್ನ ಮಗಳ ಲೋಟ ತೊಳದಾನ, ಅದನ್ನೂ ಬರೀರಿ."

ಒಳಗೆ ಸ್ವಪ್ನಿಲ ತಲೆ ಎತ್ತದೆ ಲೋಟ ಉಜ್ಜುತ್ತಿದ್ದ. ಸನ್ಮಾನ ನಡೆಯಲಿಲ್ಲ. ಅರ್ಜಿ ಹೋಯಿತೋ ಇಲ್ಲವೋ, ಯಾರೂ ವಿಚಾರಣೆಗೆ ಬರಲಿಲ್ಲ.

ಹನ್ನೆರಡನೇ ದಿನ ಆಮ್ರಪಾಲಿ ತನ್ನ ಲೋಟವನ್ನು ಅವನಿಂದ ಒಂದು ಮಾರು ದೂರ ಇಟ್ಟು ಓಡಿತು. ಹದಿನಾರನೇ ದಿನ ಹತ್ತಿರವೇ ನಿಂತು, ತೊಳೆದ ಲೋಟವನ್ನು ಇಣುಕಿ ನೋಡಿ, "ಇನ್ನಾ ಹೊಲಸದ" ಎಂದಿತು. ಸ್ವಪ್ನಿಲ ಮತ್ತೆ ತೊಳೆದ. ಮತ್ತೆ "ಹೊಲಸದ". ಆರು ಸಲ ತೊಳೆಸಿತು. ಏಳನೇ ಸಲ ತಾನೇ ಅವನ ತೊಡೆಯ ಮೇಲೆ ಕೂತು, ಹೇಗೆ ತೊಳೆಯಬೇಕೆಂದು ತೋರಿಸಿತು. ಮುಕ್ತಾಬಾಯಿ ಗೋಡೆಯ ಕಡೆ ಮುಖ ಮಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂವತ್ತನೇ ದಿನ ಅವನು ಮಗಳ ಮುಂದೆಯೇ ಯೂನಿಫಾರ್ಮ್ ತೊಟ್ಟ. ಗುಂಡಿ ಹಾಕಿದ್ದು ಅವಳೇ, ಎರಡು ತಪ್ಪು ಕಾಜಾದಲ್ಲಿ. ಹಾಗೆಯೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿಗೆ ನಡೆದ. ವಿಶಾಖಾ, ಮುಕ್ತಾಬಾಯಿಯರ ಜೊತೆ ಮಚ್ಚೇಂದ್ರನೂ ಕಳಿಸಲು ಬಂದಿದ್ದ. ಅಲ್ಲಿ ಪರ ಊರಿನ ಮುದುಕಿಯೊಬ್ಬಳು ರಚ್ಚೆ ಹಿಡಿದ ಮೊಮ್ಮಗನಿಗೆ ಸ್ವಪ್ನಿಲನನ್ನು ತೋರಿಸಿದಳು: "ಸುಮ್ನಾಗು! ಮಿಲ್ಟ್ರಿ ಬಂತ ನೋಡು!"

ಹೆಗಲ ಮೇಲಿಂದ ಆಮ್ರಪಾಲಿ ಬೆರಳು ಚಾಚಿ ಗದರಿಸಿತು, ಥೇಟ್ ಮುಕ್ತಾಬಾಯಿಯ ದನಿಯಲ್ಲೇ:

"ಅಂಜಸಬ್ಯಾಡ! ಇಂವ ನಮ್ಮ ಪಪ್ಪಾ!"

ಬಸ್ಸು ಹೋಯಿತು. ಮಚ್ಚೇಂದ್ರ ಹೆಂಡತಿಯ ಮುಂದೆ ಕೈ ಚಾಚಿದ.

"ಸಂಘಪಾಲಗ ಫೋನ್ ಹಚ್ಚಿ ಕೊಡು. ನಾನೇ ಮಾತಾಡ್ತೀನಿ."