ಕೈ ಬಿಟ್ಟರೆ ನೆಟ್ಟಗೆ

ಹೋದ ವಾರ ಕೈಯಲ್ಲಿ ಹಿಡಿದ ಸಾಸರಿನ ಮೇಲೆ ಕಾಫಿಯ ಕಪ್ಪು ಟಿಣಿಟಿಣಿ ಎನ್ನತೊಡಗಿತು. ಸಾಸರಿನ ತಳವೇ ಸಮವಿಲ್ಲ, ಈಗಿನ ಪಿಂಗಾಣಿಯ ಹಣೆಬರಹ ಇಷ್ಟೇ ಎಂದು ಗೊಣಗಿ, ಮಗಳಿಗೆ ಹೇಳಿ ಹೊಸದು ತರಿಸಿದೆ. ಆದರೆ ಆ ಸದ್ದು ಕಿವಿಯಿಂದ ಹೋಗಲಿಲ್ಲ. ಎಲ್ಲೋ ಕೇಳಿದ್ದೇನಲ್ಲ ಇದನ್ನು... ಬೆಳ್ಳಿಯುಂಗುರ ಕಬ್ಬಿಣಕ್ಕೆ ತಾಗುವ ಸದ್ದು. ಜೀಪಿನ ಸ್ಟೇರಿಂಗಿನ ಮೇಲೆ ಚಾಚಾ ಅವರ ಕೈ.

ಅರವತ್ತರ ದಶಕದ ಮೊದಲ ವರ್ಷಗಳು. ಮಧುಗಿರಿಯಲ್ಲಿ ಹೆರಿಗೆ ನರ್ಸಾಗಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಯುದ್ಧಕಾಲದ ಹಳೆಯ ಜೀಪೊಂದು ನಮ್ಮನ್ನು ಹಳ್ಳಿಹಳ್ಳಿಗೆ ಹೊತ್ತು ತಿರುಗುತ್ತಿತ್ತು. ಅದರ ಡ್ರೈವರು ಶಿರಾದ ಸಾಬರು, ನಡುವಯಸ್ಸು ದಾಟಿದವರು; ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ದೊಡ್ಡೇರಿ ಕಡೆಯ ಗಾಡಿಜಾಡು, ಹೊಸಕೋಟೆಯ ಕಡಲೇಕಾಯಿ ಹೊಲಗಳ ಬದು, ನಿಡುಗಲ್ಲಿನ ಕಲ್ಲುದಾರಿ ಎಲ್ಲವೂ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಆ ಗಾಡಿಯನ್ನು ಇನ್ನೊಬ್ಬರು ಮುಟ್ಟಿದರೆ ಅವರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಡ್ರೈವರ್ ಅನ್ನುವುದು ಅವರಿಗೆ ಕೆಲಸವಾಗಿರಲಿಲ್ಲ, ಹೆಸರೇ ಅದಾಗಿತ್ತು.

ಒಂದು ಬೇಸಿಗೆಯಲ್ಲಿ ಸ್ಟೇರಿಂಗು ನಡುಗುತ್ತಿದೆ ಎಂದು ಶುರುಮಾಡಿದರು. ಆಸ್ಪತ್ರೆಯ ಹಿಂದಿನ ಹೊಂಗೆ ಮರದ ಕೆಳಗೆ ಜೀಪನ್ನು ನಿಲ್ಲಿಸಿ, ಮುಂದಿನ ಚಕ್ರಗಳನ್ನು ಜಾಕಿಯ ಮೇಲೆತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದರು. ಕೆಳಗಿಳಿಸಿದ ಮೇಲೆ ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಗೆರೆಯಿಂದ ಗೆರೆಗೆ ಮೊದಲು ಮುಂಭಾಗದಲ್ಲಿ, ಆಮೇಲೆ ಅದೇ ಚಕ್ರಗಳ ಹಿಂಭಾಗದಲ್ಲಿ ಅಳೆದರು. ಮುಂದಿನ ಅಳತೆ ಕೊಂಚ ಕಡಿಮೆ ಬಂತು. ಚಕ್ರಗಳು ಸೊಟ್ಟಗಿವೆ ಎಂದೆ.

"ಅರೇ ನರ್ಸಮ್ಮ, ನೆಟ್ಟಗೆ ಇಟ್ರೆ ನೆಟ್ಟಗೆ ಓಡ್ತೈತೆ ಅಂದ್ಕಂಡ್ರಾ? ನಿಂತಾಗ ಒಂದಕ್ಕಿಕಾಳಷ್ಟು ಒಳಕ್ಕೆ ನೋಡ್ಬೇಕು. ಓಡ್ವಾಗ ರಸ್ತೆ ಅದನ್ನ ಹೊರಕ್ಕೆ ತಳ್ತೈತೆ, ಆಗ ಸಮ ಆಗ್ತೈತೆ. ಇಲ್ದಿದ್ರೆ ಟೈರು ತೇಯ್ದು ತೇಯ್ದು ಹೋಗ್ತೈತೆ."

ಅಂಗೈಯಿಂದ ಟೈರನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಲು ಹೇಳಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತರಕಲು ಸಿಕ್ಕರೆ ಅಳತೆ ತಪ್ಪಿದೆ ಎಂದರ್ಥ. ನನ್ನ ಕೈಗೆ ಎರಡೂ ಕಡೆ ಒಂದೇ ಸಮನಾಗಿತ್ತು. ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಗೂಟವನ್ನೂ ತೋರಿಸಿದರು. ಸೈಕಲ್ಲಿನ ಮುಂದಿನ ಕವೆಯಂತೆ ಅದರ ತಲೆ ಸ್ವಲ್ಪ ಹಿಂದಕ್ಕೆ ಬಾಗಿರಬೇಕಂತೆ.

"ಅದು ಸರಿಯಿದ್ರೆ ಕೈ ಬುಟ್ರೂ ಗಾಡಿ ನೆಟ್ಟಗೆ ಹೋಗ್ತೈತೆ. ಅದೇ ಪರೀಕ್ಷೆ."

ಎಲ್ಲವೂ ಸರಿಯಾಗಿಯೇ ಇತ್ತು. ಆದರೂ ನಡುಕ ನಿಲ್ಲಲಿಲ್ಲ. ಗೂಟದ ಬುಷ್ ಬದಲಾಯಿತು, ಎರಡು ಚಕ್ರಗಳನ್ನು ಸೇರಿಸುವ ಸರಳಿನ ಕೀಲುಗಳೂ ಬದಲಾದವು. "ಕೇಳಿ, ಸ್ಟೇರಿಂಗು ನನ್ನುಂಗುರಕ್ಕೆ ಹೆಂಗೆ ಹೊಡೀತೈತೆ" ಎನ್ನುತ್ತಿದ್ದರು. ಟಿಣಿಟಿಣಿ... ನಾನೂ ಕೇಳುತ್ತಿದ್ದೆ. ಅವರು ರಜೆಯಲ್ಲಿದ್ದಾಗ ಕೊರಟಗೆರೆಯಿಂದ ಬಂದ ಹುಡುಗ ಡ್ರೈವರು ಅದೇ ಜೀಪು ಓಡಿಸಿ, "ಗಾಡಿ ಬೆಣ್ಣೆ ಇದ್ದಂಗೈತೆ" ಎಂದ. ಅದು ತಿಳಿದು ಚಾಚಾ ಉರಿದುಬಿದ್ದರು. "ಅವನ ಕೈಯಾಗೆ ಜೀವ ಇದ್ರೆ ತಾನೇ ಗೊತ್ತಾಗಾದು!"

ನನಗೆ ಅನುಮಾನ ಹುಟ್ಟಿದ್ದು ಆಗಲೇ. ಚಹಾದ ಲೋಟವನ್ನು ಅವರು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕುವುದನ್ನೇ ಬಿಟ್ಟಿದ್ದರು. ತಡೆಯಲಾರದೆ, ಡಾಕ್ಟರಿಗೆ ಒಮ್ಮೆ ಕೈ ತೋರಿಸಿ ಚಾಚಾ ಎಂದೆ. "ಕೈ ತೋರ್ಸಕ್ಕೆ ಅವರೇನು ಜೋಯಿಸರಾ?" ಎಂದು ನಕ್ಕರು. 

ನಿಡುಗಲ್ಲಿನಿಂದ ಮರಳುವಾಗ ಒಂದು ಮಧ್ಯಾಹ್ನ, ಅವರು ಇದ್ದಕ್ಕಿದ್ದಂತೆ ಜೀಪನ್ನು ಬತ್ತಿದ ಕೆರೆಯಂಗಳಕ್ಕೆ ಇಳಿಸಿದರು. ಜೀಪಿನಲ್ಲಿ ನಾವಿಬ್ಬರೇ ಇದ್ದೆವು. ಕೊರಟಗೆರೆಯವನ ಮಾತು ಇನ್ನೂ ಅವರನ್ನು ಕುಟುಕುತ್ತಿತ್ತು.

"ಇವತ್ತು ತೋರುಸ್ತೀನಿ ಕಣಮ್ಮ, ಹೆಂಗೆ ಎಳೀತೈತೆ ನೋಡಿ," ಎಂದವರೇ ಮಟ್ಟಸ ನೆಲದಲ್ಲಿ ಎರಡೂ ಕೈ ಬಿಟ್ಟರು. ನಾನು ಮುಂದಿನ ಕಂಬಿಯನ್ನು ಭದ್ರವಾಗಿ ಹಿಡಿದೆ. ಜೀಪು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಸ್ಟೇರಿಂಗು ಒಂದಿಷ್ಟೂ ಅಲುಗದೆ, ಯಾರೂ ಹಿಡಿಯದೆಯೇ ಗಾಡಿ ನೆಟ್ಟಗೆ ಸಾಗಿತು. ಚಾಚಾ ಅದನ್ನೇ ನೋಡುತ್ತಿದ್ದರು. ಕೈಗಳನ್ನು ಮೆಲ್ಲಗೆ ಮತ್ತೆ ಅದರ ಮೇಲಿಟ್ಟರು. ಉಂಗುರ ಟಿಣಿಟಿಣಿ ಎಂದಿತು.

ಬ್ರೇಕು ಹಾಕಿದರು. ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಧೂಳೆಲ್ಲ ಇಳಿಯಿತು. ಕೆರೆಯಂಗಳದಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ. ಟಿಣಿಟಿಣಿ... ಟಿಣಿಟಿಣಿ...

"ಇಂಜಿನ್ ಆಫ್ ಆಗೈತಲ್ಲ, ನರ್ಸಮ್ಮ?"

"ಆಗಿದೆ ಚಾಚಾ."

ಅವರು ಬಲು ಕಷ್ಟಪಟ್ಟು ಆ ಉಂಗುರವನ್ನು ಬೆರಳಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಸದ್ದು ನಿಂತಿತು. ಆಮೇಲೆ ಜೀಪನ್ನು ಎತ್ತಿನ ಗಾಡಿಗಿಂತ ನಿಧಾನವಾಗಿ ಮಧುಗಿರಿಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ತಾವಾಗಿಯೇ ಡಾಕ್ಟರ ಮೇಜಿನ ಮೇಲಿಟ್ಟು ಹೊರಗೆ ಬಂದರು. ಹೊಂಗೆ ಮರದ ಕೆಳಗೆ ನಿಂತು ಜೀಪಿನ ಮುಂದಿನ ಟೈರನ್ನು ಒಮ್ಮೆ ಸವರಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ನೋಡದಂತೆ ಒಳಗೆ ಹೋಗಿಬಿಟ್ಟೆ.

ಒಂದೆರಡು ವರ್ಷ ಕಳೆದ ಮೇಲೆ ಶಿರಾದ ಅವರ ಮನೆಗೆ ಹೋಗಿದ್ದೆ. ಹೆಂಡತಿಯೇ ಲೋಟ ಹಿಡಿದು ಚಹಾ ಕುಡಿಸುತ್ತಿದ್ದರು. ಚಾಚಾ ಅವರ ಮಾತು ತೊದಲುತ್ತಿತ್ತು. ಒಂದು ಗುಟುಕು ನುಂಗಿ, "ಟೈರು... ಸಮನಾಗಿ ಸವೀತೈತಾ?" ಎಂದು ಕೇಳಿದರು. ಸಮನಾಗಿಯೇ ಸವೆಯುತ್ತಿದೆ ಚಾಚಾ, ನೀವಿಟ್ಟ ಅಳತೆ ಹಾಗೆಯೇ ಇದೆ ಎಂದೆ. ಅದು ನಿಜವೂ ಆಗಿತ್ತು. ಅವರು ತಲೆಯಾಡಿಸಿದರೋ, ತಲೆ ತಾನೇ ಆಡುತ್ತಿತ್ತೋ, ನನಗೆ ತಿಳಿಯಲಿಲ್ಲ. ಮುಂದಿನ ಚಳಿಗಾಲದವರೆಗೆ ಅವರು ಉಳಿಯಲಿಲ್ಲ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು...

ಇಂದು ಬೆಳಿಗ್ಗೆ ಹೊಸ ಸಾಸರಿನಲ್ಲಿ ಕಾಫಿ ಬಂತು. ಫ್ಯಾನು ಹಾಕಿರಲಿಲ್ಲ. ಬೀದಿಯಲ್ಲಿ ಲಾರಿಯೂ ಹೋಗಲಿಲ್ಲ. ಕಪ್ಪು ಟಿಣಿಟಿಣಿ ಎಂದಿತು. ಅದನ್ನು ಮೇಜಿನ ಮೇಲಿಟ್ಟು ಕೈ ಬಿಟ್ಟೆ, ಸುಮ್ಮನಾಯಿತು. ಇದನ್ನು ಹೇಳಿಕೊಂಡರೆ ಬಿಡಿಸಿ ಹೇಳದೆಯೇ ತಿಳಿಯಬಲ್ಲವರು ಒಬ್ಬರೇ ಇದ್ದರು, ಅವರಿಲ್ಲ.

"ಇದೂ ಸರಿಯಿಲ್ವಾ? ಬೇರೆ ತರ್ಲಾ ಅಮ್ಮ?" ಎಂದಳು ಮಗಳು.

"ಬೇಡ ಕಣೇ," ಎಂದೆ. "ಸಾಸರು ತೆಗೆದಿಟ್ಟುಬಿಡು."