ಕಾಲುವೆ ನೀರಿನ ಟಾವೆಲ್

ಹರ್ನಿಯಾ ಆಪರೇಷನ್ನಿಗೆ ಯಾರಾದರೂ ಸಾಯುತ್ತಾರೇನು? ಅರ್ಧ ಆಯುಷ್ಯ ಥಿಯೇಟರ್ ನರ್ಸಾಗಿ ದುಡಿದವಳು ನಾನು. ಎತ್ತು ತಿವಿದು ಕರುಳು ಹೊರಗೆ ಬಂದವರು ಬದುಕಿ, ನಡೆದುಕೊಂಡು ಮನೆಗೆ ಹೋದದ್ದನ್ನು ಕಂಡಿದ್ದೇನೆ. ಆದರೆ ಆ ಕೊರೊನಾ ವರ್ಷ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಹರ್ನಿಯಾ ಮಾಡಿಸಿಕೊಂಡು ಸತ್ತ. ಅದನ್ನು ನೆನೆದರೆ ಇವತ್ತಿಗೂ ನನಗೆ ಅಳು ಬರುವುದಿಲ್ಲ, ಮೈ ಉರಿಯುತ್ತದೆ.

ಆಗ ನಾನು ಸುರಪುರದ ಮನೆಯಿಂದ ದಿನಾ ಶಹಾಪುರಕ್ಕೆ ಬಂದು ಹೋಗುತ್ತಿದ್ದೆ. ಅಲ್ಲೊಂದು ಸಣ್ಣ ಖಾಸಗಿ ಆಸ್ಪತ್ರೆ. ಈಗ ಅದು ಮುಚ್ಚಿ, ಆ ಕಟ್ಟಡದಲ್ಲಿ ಸೀರೆ ಮಾರುತ್ತಾರೆ. ಲಾಕ್‌ಡೌನಿನಲ್ಲಿ ನಿಂತಿದ್ದ ಆಪರೇಷನ್ನುಗಳನ್ನು ಆಗ ತಾನೇ ಮತ್ತೆ ಶುರು ಮಾಡಿದ್ದೆವು. ಮೂಗಿನ ಟೆಸ್ಟ್ ನೆಗೆಟಿವ್ ಬಂದಿರಬೇಕು, ಆಪರೇಷನ್ ದಿನ ಮೈಯಲ್ಲಿ ಜ್ವರ ಇರಬಾರದು. ಬಾಯಿಗಿಡುವ ಥರ್ಮಾಮೀಟರನ್ನು ಮುಟ್ಟಬೇಡಿ ಎಂದಿದ್ದರಿಂದ, ಗೇಟಿನ ವಾಚ್‌ಮನ್ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಯಂತ್ರ ಹೇಳಿದ್ದೇ ವೇದವಾಕ್ಯ. ಅದು ಜ್ವರ ತೋರಿಸಿದರೆ ವಾಪಸ್ ಹೋಗಬೇಕು. ಮತ್ತೆ ಟೆಸ್ಟ್, ಮತ್ತೆ ಹೊಸ ತಾರೀಖು.

ಆ ಮನುಷ್ಯ ಕಾಲುವೆಯ ಗೇಟು ಕಾಯುವ ದಿನಗೂಲಿ. ನಾರಾಯಣಪುರದ ಡ್ಯಾಮಿನಿಂದ ನೀರು ಬಿಟ್ಟಾಗ ತನ್ನೂರಿನ ಗೇಟನ್ನು ಏರಿಸುವುದು, ಇಳಿಸುವುದು ಅವನ ಕೆಲಸ. ಜಂಗು ಹಿಡಿದ ಗಾಲಿಯನ್ನು ವರ್ಷಗಟ್ಟಲೆ ತಿರುಗಿಸಿ ತೊಡೆಸಂದಿಗೆ ಕರುಳು ಇಳಿದಿತ್ತು. ಹೋದ ಸಲ ನೋವು ತಾಳದೆ ಮನೆಯಲ್ಲಿ ಮಲಗಿದ್ದಕ್ಕೆ, ಈ ಸಲ ನೀರು ಬಿಟ್ಟ ದಿನ ಗೇಟಿನ ಹತ್ತಿರ ಕಾಣದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇವೆ ಎಂದು ಮೇಲಿನವರು ಖಡಾಖಂಡಿತ ಹೇಳಿದ್ದರು. ನೀರು ಬಿಡಲು ತಿಂಗಳ ಮೇಲೆ ಕೆಲವೇ ದಿನ ಉಳಿದಿತ್ತು. ಆಪರೇಷನ್ ಆದ ಮೇಲೆ ಒಂದು ತಿಂಗಳು ಗಾಲಿಗೆ ಕೈ ಹಚ್ಚಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಆ ತಾರೀಖು ತಪ್ಪಿದರೆ ಅವನ ಕೆಲಸವೂ ತಪ್ಪಿದಂತೆಯೇ.

ಆಪರೇಷನ್ ದಿನ ನಮ್ಮ ಆಸ್ಪತ್ರೆ ಗೇಟಿನಲ್ಲಿ ವಾಚ್‌ಮನ್ ಅವನ ಹಣೆಗೆ ಯಂತ್ರ ಹಿಡಿದು ನಕ್ಕ. "ಎಲ್ಲಾರಿಗಿಂತ ಥಂಡ ಅದಾನ್ರಿ ಈ ಅಣ್ಣ!"

ರೋಗ ಗಾಳಿಯಲ್ಲಿ ತಿರುಗುತ್ತದೆಂದು ಥಿಯೇಟರಿನ ಎಸಿ ಬಂದ್ ಮಾಡಿದ್ದರು. ಪ್ಲಾಸ್ಟಿಕ್ ಕಿಟ್ಟಿನೊಳಗೆ ನಮ್ಮ ಬೆವರಿನಲ್ಲಿ ನಾವೇ ಬೇಯುತ್ತಿದ್ದೆವು. ಬೆನ್ನಿಗೆ ಸೂಜಿ ಚುಚ್ಚುವಾಗ ಅವನನ್ನು ಬಗ್ಗಿಸಿ ತಬ್ಬಿ ಹಿಡಿದವಳು ನಾನೇ. ಎರಡೆರಡು ಗ್ಲೌಸು ಬೇರೆ. ಯಾರ ಮೈ ಬಿಸಿ ಯಾರಿಗೆ ಗೊತ್ತಾಗಬೇಕು? ಸೊಂಟದ ಕೆಳಗೆ ಮರಗಟ್ಟಿದ ಮೇಲೆ ಅವನು ಕೇಳಿದ, "ಅಕ್ಕಾರ, ನನ್ನ ಕಾಲು ಎಲ್ಲಿ ಇಟ್ರಿ? ಗಾಲಿ ತಿರುವಾಗ ಊರಿ ನಿಲ್ಲಾಕ ಬೇಕ್ರಿ ಅವು." ನಾವೆಲ್ಲ ನಕ್ಕೆವು. ಡಾಕ್ಟರು ಬಹಳ ಚೆಂದ ಹೊಲಿಗೆ ಹಾಕಿದರು.

ಎರಡು ದಿನ ಕಳೆಯುವುದರೊಳಗೆ ಕೆಮ್ಮು ಹತ್ತಿತು. ಮತ್ತೆ ಟೆಸ್ಟ್ ಮಾಡಿದರೆ ಪಾಸಿಟಿವ್. ಹರ್ನಿಯಾ ಹೊಲಿದ ಹೊಟ್ಟೆಗೆ ಕೆಮ್ಮು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಎರಡೂ ಕೈಯಿಂದ ಗಾಯ ಒತ್ತಿ ಹಿಡಿದು ಕೆಮ್ಮುವನು, ಕಣ್ಣಿಂದ ನೀರು ದಳದಳ ಸುರಿಸುವನು. ಆಕ್ಸಿಜನ್ ಹಾಕಿದ ಮೇಲೂ ಡಾಕ್ಟರ ಕೈ ಹಿಡಿದು, "ತಿಂಗಳದಾಗ ಗಾಲಿ ತಿರುವಬಹುದಲ್ರಿ?" ಎಂದ. ಡಾಕ್ಟರು ಹೂಂ ಎಂದು ತಲೆಯಾಡಿಸಿ ಹೊರಗೆ ಹೋದರು.

ಅವನ ಹೆಂಡತಿ ಹೊರಗೆ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಜ್ವರ ಯಾವಾಗಿನಿಂದ ಎಂದು ಕೇಳಿದೆ. ಏನೂ ಮುಚ್ಚಿಡಲಿಲ್ಲ ಪುಣ್ಯಾತ್ಗಿತ್ತಿ.

"ಬಂದ ದಿನ ಮುಂಜಾನಿಂದನ ಮೈ ಸುಡಾಕತ್ತಿತ್ರಿ. ಒಂದು ಗುಳಗಿ ಕೊಟ್ನಿ. ಕಾಲುವಿ ತಳದಾಗ ಮಳಿ ನೀರು ನಿಂತಿತ್ತು, ಟಾವೆಲ್ ತೋಯಿಸಿ ಹಣಿಗೆ ಕಟ್ಟಿದ್ನಿ. ದವಾಖಾನಿ ಗೇಟು ಬಂದ ಕೂಡ್ಲೆ ಬಿಚ್ಚಿದ್ನಿ. ನಮ್ಮ ಕಡಿ ಎಲ್ಲಾರೂ ಹಂಗ ಮಾಡ್ತಾರ್ರಿ ಅಕ್ಕಾರ."

ನನ್ನ ನೆತ್ತಿಗೇರಿತು. "ನಿನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಜ್ವರದಾಗ ಕೊಯ್ಸಿದಿ ಅಲ್ಲ ಗಂಡನ್ನ! ಅಂವನ ಹೊಟ್ಟಿ ತೊಳದ ನಮ್ಮ ಆಯಾ ನೆಲಾ ಹಿಡದಾಳ. ಥಿಯೇಟರಿಗೆ ಕೀಲಿ ಬಿದ್ದದ. ಎಷ್ಟು ಮಂದೀನ್ನ ಹಾಳು ಮಾಡಿದಿ ಗೊತ್ತದೇನ?" ಮರದ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಯಾದಗಿರಿಯ ದೊಡ್ಡಾಸ್ಪತ್ರೆಗೆ ಕಳಿಸಲೆಂದು ಗಾಡಿ ತರಿಸಿದ್ದೆವು. ಅದು ಗೇಟಿನೊಳಗೆ ಬರುವಷ್ಟರಲ್ಲಿ ಅವನು ಹೋಗಿಬಿಟ್ಟ. ಚೀಲದಲ್ಲಿ ಸುತ್ತುವ ಮೊದಲು ನಾನು ಪಟ್ಟಿ ಬಿಚ್ಚಿ ನೋಡಿದೆ. ಅಷ್ಟೆಲ್ಲ ಕೆಮ್ಮಿದರೂ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಗಾಯ ಒಣಗಿ, ಮಾಯುತ್ತ ಬಂದಿತ್ತು. ಮನೆಯವರಿಗೆ ಮುಖವನ್ನೂ ಸರಿಯಾಗಿ ತೋರಿಸದೆ ಅವನನ್ನು ಮಣ್ಣಿಗೆ ಹಾಕಿದರು.

ಅವಳು ಅವನ ಬಟ್ಟೆ ಒಯ್ಯಲು ಬಂದಳು. ಅಂಗಿ, ಲುಂಗಿ, ಚಪ್ಪಲಿ, ಆ ಟಾವೆಲ್. ಕೈಗೆ ಚೀಲ ಕೊಟ್ಟರೂ ಹೋಗದೆ ನಿಂತಳು.

"ಅಕ್ಕಾರ, ಜ್ವರ ಬಂದದಂತ ಅವತ್ತ ಗೇಟಿನಾಗ ಹೇಳಿದ್ರ ನಮ್ಮ ಮನ್ಯಾರು ಉಳೀತಿದ್ರೇನ್ರಿ?"

ಹಣೆಬರಹ ಅಂತಲೋ, ದೇವರು ಕರೆದ ಅಂತಲೋ ಅನ್ನಬಹುದಿತ್ತು. ನಾನು ಅನ್ನಲಿಲ್ಲ. ಇವತ್ತು ಬಂದು ಕೇಳಿದರೂ ಅನ್ನುವುದಿಲ್ಲ.

"ಉಳೀತಿದ್ದ," ಎಂದೆ.

ಅವಳು ಅಳಲಿಲ್ಲ. ಟಾವೆಲ್ಲನ್ನು ಚೀಲದಿಂದ ತೆಗೆದು ಮತ್ತೆ ಮಡಿಸಿದಳು.

"ವಾಪಸ್ ಕಳಿಸಿದ್ರ, ಅವರ ಗೇಟಿನ ಕೆಲಸ ಹೋಗಲಾರದಂಗ ಮತ್ತೊಂದು ತಾರೀಖು ಕೊಡ್ತಿದ್ರೇನ್ರಿ?"

ಲಾಕ್‌ಡೌನಿನಿಂದ ಕಾಯುತ್ತಿದ್ದವರು ಸಾಲುಗಟ್ಟಿ ನಿಂತಿದ್ದರು. ನೀರು ಬಿಟ್ಟು, ನಾಟಿ ಮುಗಿದ ಮೇಲೂ ಅವನ ಪಾಳಿ ಬರುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದೆ.

"ಗೊತ್ತಿತ್ರಿ," ಎಂದಳು. "ಅದಕ್ಕ ತೋಯಿಸಿದ್ನಿ."